ಶ್ರೀ ವಿದ್ಯಾರಣ್ಯರು ತೋರಿದ ಸುಖದ ದಾರಿ

ಬಳ್ಳಾರಿಯಿಂದ ಕುರುಗೋಡು, ಕಂಪ್ಲಿ ದಾಟಿ ಬರುವವರು, ಸಿರುಗುಪ್ಪದ ಕಡೆಯಿಂದ ಹೊಳೆಸಾಲು ಹಿಡಿದು ಬರುವವರು ಹಂಪಿಯ ಹೇಮಕೂಟ ಹತ್ತಿದಾಗ ವಿರೂಪಾಕ್ಷನ ಜೊತೆಗೆ ನೆನೆಯುವ ಹೆಸರು ಶ್ರೀ ವಿದ್ಯಾರಣ್ಯರದು. 1336ರಲ್ಲಿ ಹರಿಹರ-ಬುಕ್ಕರಿಗೆ ರಾಜ್ಯ ಕಟ್ಟಲು ಆಶೀರ್ವದಿಸಿದವರು, ಚಿನ್ನದ ಮಳೆ ಸುರಿಸಿದವರು ಅಂತ ಜನ ಹೇಳ್ತಾರೆ. ಆ ಕಥೆ ಎಲ್ಲರಿಗೂ ಗೊತ್ತು. ಆದರೆ ಅವರ ಗ್ರಂಥಗಳ ಕಡೆ ನೋಡುವವರು ಕಡಿಮೆ.

ವೇದಭಾಷ್ಯ ಬರೆದ ಸಾಯಣಾಚಾರ್ಯರ ಅಣ್ಣ ಮಾಧವರೇ ಸನ್ಯಾಸ ಪಡೆದು ವಿದ್ಯಾರಣ್ಯರಾದರೆಂಬುದು ಪರಂಪರೆಯ ನಂಬಿಕೆ. ಮಾಧವರ ಹೆಸರಿನ ಸರ್ವದರ್ಶನಸಂಗ್ರಹದಲ್ಲಿ 16 ದರ್ಶನಗಳ ವಿವರಣೆಯಿದೆ. ಉಂಡುಟ್ಟು ಇರುವುದೇ ಸುಖ ಎನ್ನುವ ಚಾರ್ವಾಕರಿಗೇ ಅಲ್ಲಿ ಮೊದಲ ಸ್ಥಾನ! ಒಪ್ಪದವರ ಮಾತನ್ನೂ ಪೂರ್ತಿ ಕೇಳಬೇಕೆಂಬ ದೊಡ್ಡತನ ಅದು.

ಜೀವನ್ಮುಕ್ತಿವಿವೇಕ ಎಂಬ ಗ್ರಂಥದಲ್ಲಿ, ತತ್ತ್ವ ತಿಳಿದ ಮಾತ್ರಕ್ಕೆ ಮನುಷ್ಯ ನೆಮ್ಮದಿಯಾಗಿ ಬಾಳಲಾರ, ಮನದೊಳಗಿನ ವಾಸನೆಗಳೂ ಅಳಿಯಬೇಕು ಎನ್ನುತ್ತಾರೆ. ಎಲ್ಲರೂ ನನ್ನನ್ನು ಹೊಗಳಲಿ ಎಂಬುದು ಒಂದು ವಾಸನೆ. ಶ್ರೀರಾಮನನ್ನೇ ಆಡಿಕೊಂಡ ಜನ ನಮ್ಮನ್ನು ಬಿಟ್ಟಾರೆಯೇ? ಓದಿನ ಹೆಮ್ಮೆ ಇನ್ನೊಂದು. ಗ್ರಂಥಗಳ ಹೊರೆ ಹೊತ್ತು ಶಿವನ ಸಭೆಗೆ ಬಂದ ದೂರ್ವಾಸರನ್ನು ನಾರದರು ಭಾರ ಹೊರುವ ಕತ್ತೆಗೆ ಹೋಲಿಸಿದರಂತೆ. ಸಿಟ್ಟಾದ ದೂರ್ವಾಸರು ಪುಸ್ತಕಗಳನ್ನೆಲ್ಲ ಸಮುದ್ರಕ್ಕೆ ಎಸೆದುಬಿಟ್ಟರು. ಯಾಜ್ಞವಲ್ಕ್ಯರಿಗೂ ವಾದದಲ್ಲಿ ಗೆಲ್ಲುವ, ಗೋವುಗಳನ್ನು ಪಡೆಯುವ ಆಸೆ ಹೋಗಿರಲಿಲ್ಲ ಎಂದು ಬರೆಯಲು ವಿದ್ಯಾರಣ್ಯರು ಅಂಜಲಿಲ್ಲ. ಹೀಗೆ ಬರೆದವರು ಸ್ವತಃ ಮಹಾಪಂಡಿತರು, ಅರಸರೇ ತಲೆಬಾಗಿದ ಗುರುಗಳು ನೋಡ್ರಿ!

ಹಾಗಾದರೆ ಮಕ್ಕಳುಮರಿ, ಹೊಲಮನೆ ಇರುವ ನಮ್ಮಂಥವರಿಗೆ ಸುಖ ಇಲ್ಲವೇ? ಪಂಚದಶಿಯ ಕೊನೆಯ 5 ಪ್ರಕರಣಗಳು ಆನಂದವನ್ನು ಕುರಿತವೇ. ತಾಯಿಯ ಹಾಲು ಕುಡಿದು, ಮೆತ್ತನೆ ಹಾಸಿಗೆಯಲ್ಲಿ ಮಲಗಿ ನಗುವ ಕೂಸನ್ನು ಅಲ್ಲಿ ಉದಾಹರಣೆ ಕೊಡುತ್ತಾರೆ. ಅದಕ್ಕೆ ನನ್ನದು, ನಿನ್ನದು ಎಂಬುದಿಲ್ಲ. ಬಯಸಿದ್ದು ಕೈಗೆ ಬಂದಾಗ ಮನಸ್ಸು ಸ್ವಲ್ಪ ಹೊತ್ತು ತಣ್ಣಗಾಗುತ್ತದೆ. ತಿಳಿನೀರಿನಲ್ಲಿ ಚಂದ್ರ ಕಂಡಂತೆ ಒಳಗಿನ ಆನಂದ ಆಗ ಹೊಳೆಯುತ್ತದೆ. ನಾವು ಮಾತ್ರ ಆ ಸುಖ ವಸ್ತುವಿನಿಂದಲೇ ಬಂತು ಅಂದ್ಕೊಂಡು ಇನ್ನೊಂದರ ಬೆನ್ನು ಹತ್ತುತ್ತೇವೆ. ಸಂಸಾರದ ಸಣ್ಣ ಸುಖವನ್ನು ಅವರು ಹೀಗಳೆಯಲಿಲ್ಲ, ಅದೂ ಆ ಆನಂದದ್ದೇ ಒಂದು ಅಂಶ ಎಂದರು.

1380ರಿಂದ ಶೃಂಗೇರಿ ಪೀಠದಲ್ಲಿದ್ದ ವಿದ್ಯಾರಣ್ಯರು 1386ರಲ್ಲಿ ಸಿದ್ಧಿ ಹೊಂದಿದರು. ಹಂಪಿಯಲ್ಲಿ ವಿರೂಪಾಕ್ಷನ ಗುಡಿಯ ಬಳಿ ಅವರ ಹೆಸರಿನ ಮಠವಿದೆ. ಬೆಟ್ಟ ಇಳಿದ ಭಕ್ತರು ಅಲ್ಲಿಗೂ ಹೋಗಿ ಬರಬಹುದು.