ರೂವಾರಿ ದಾಸೋಜ

ಬೇಲೂರು, ಹಳೇಬೀಡುಗಳ ದೇವಾಲಯಗಳನ್ನು ಕಟ್ಟಿಸಿದವರ ಕೀರ್ತಿಯನ್ನು ಶಾಸನಗಳು ವಿಸ್ತಾರವಾಗಿ ಹೊಗಳಿವೆ. ಆದರೆ ಉಳಿ ಹಿಡಿದು ದುಡಿದವರ ಹೆಸರುಗಳನ್ನು ಅರಿಯಬೇಕಾದರೆ ವಿಗ್ರಹಗಳ ಪೀಠಗಳನ್ನೇ ಪರೀಕ್ಷಿಸಬೇಕು. ಹಾಗೆ ಉಳಿದುಬಂದ ಹೆಸರುಗಳಲ್ಲಿ ಅಗ್ರಗಣ್ಯವಾದುದು ದಾಸೋಜನದು.

ದಾಸೋಜನ ಊರು ಬಳ್ಳಿಗಾವೆ. ಇಂದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿಗೆ ಸೇರಿರುವ ಈ ಗ್ರಾಮವು ಅಂದು ಬನವಾಸಿ ನಾಡಿನ ರಾಜಧಾನಿಯಾಗಿ, ಮಠಮಂದಿರಗಳಿಂದಲೂ ವಿದ್ಯಾಪೀಠಗಳಿಂದಲೂ ಶೋಭಿಸುತ್ತಿತ್ತು. ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿ ಬೆಳೆದ ಶಿಲ್ಪಪರಂಪರೆ ಅಲ್ಲಿ ನೆಲೆಗೊಂಡಿತ್ತು.

ಹೊಯ್ಸಳ ವಿಷ್ಣುವರ್ಧನನು ಚೋಳರನ್ನು ಸೋಲಿಸಿ ತಲಕಾಡನ್ನು ಗೆದ್ದ ಮೇಲೆ, 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದನು. ಆ ಮಹಾಕಾರ್ಯದಲ್ಲಿ ದುಡಿಯಲು ದಾಸೋಜನು ತನ್ನ ಮಗ ಚಾವಣನೊಡನೆ ಹುಟ್ಟೂರನ್ನು ಬಿಟ್ಟು ಬಂದನು. ಪರನಾಡಿಗೆ ಬಂದ ಕುಶಲಕರ್ಮಿಗೆ ಅವನ ಕೈಚಳಕವೇ ಆಸ್ತಿ, ಅದೇ ಪರಿಚಯಪತ್ರ. ಆದರೂ ದಾಸೋಜನು ತವರನ್ನು ಮರೆಯಲಿಲ್ಲ. ತನ್ನ ಹೆಸರಿನೊಡನೆ ಬಳ್ಳಿಗಾವೆಯ ಹೆಸರನ್ನೂ ಕಲ್ಲಿನಲ್ಲಿ ಕಂಡರಿಸಿದನು.

ಬೇಲೂರಿನ ಶಿಲ್ಪಿಗಳು ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವುದು ಅದರ ಗುಣ. ಆದ್ದರಿಂದಲೇ ಚಿನಿವಾರನು ಚಿನ್ನದಲ್ಲಿ ಮಾಡುವ ನವುರಾದ ಕೆಲಸವನ್ನು ರೂವಾರಿಯು ಕಲ್ಲಿನಲ್ಲಿ ಮಾಡಲು ಸಾಧ್ಯವಾಯಿತು. ಹೊರಗೋಡೆಯ ಲೋವೆಯ ಕೆಳಗೆ ಮೂವತ್ತೆಂಟು, ನವರಂಗದಲ್ಲಿ ನಾಲ್ಕು, ಹೀಗೆ ನಲವತ್ತೆರಡು ಮದನಿಕೆಯರು ಅಲ್ಲಿದ್ದಾರೆ. ಅವರಲ್ಲಿ ನಾಲ್ವರು ದಾಸೋಜನ ಕೃತಿಗಳೆಂದೂ ಐವರು ಚಾವಣನ ಕೃತಿಗಳೆಂದೂ ವಿದ್ವಾಂಸರು ಗುರುತಿಸಿದ್ದಾರೆ. ತಂದೆಯಿಂದ ಕಲಿತ ವಿದ್ಯೆಯಲ್ಲಿ ಮಗನು ತಂದೆಗೆ ಸರಿಸಮನಾಗಿ ನಿಂತನು.

ಬೇಲೂರಿನೊಡನೆ ತಂದೆಮಗನ ಮತ್ತೊಂದು ಕಥೆಯೂ ಬೆಸೆದುಕೊಂಡಿದೆ. ಜಕಣಾಚಾರಿಯು ಕೆತ್ತಿದ ವಿಗ್ರಹದ ಕಲ್ಲಿನಲ್ಲಿ ಕಪ್ಪೆಯಿದೆಯೆಂದು ತರುಣ ಡಂಕಣನು ತೋರಿಸಿಕೊಟ್ಟನೆಂದೂ, ಪಂತದಲ್ಲಿ ಸೋತ ಜಕಣನು ತನ್ನ ಬಲಗೈಯನ್ನು ಕಡಿದುಕೊಂಡನೆಂದೂ, ಅನಂತರ ಅವರು ತಂದೆಮಕ್ಕಳೆಂದು ತಿಳಿಯಿತೆಂದೂ ಐತಿಹ್ಯವು ಹೇಳುತ್ತದೆ. ಜನಮನವನ್ನು ಕಲಕಿದ ಕಥೆಯಿದು. ಆದರೆ ಶಿಲಾಲೇಖಗಳು ತಿಳಿಸುವ ತಂದೆಮಕ್ಕಳಲ್ಲಿ ಸ್ಪರ್ಧೆಯ ಕಹಿಯಿಲ್ಲ; ಒಂದೇ ಗುಡಿಗಾಗಿ ಇಬ್ಬರೂ ದುಡಿದು, ತಮ್ಮತಮ್ಮ ಹೆಸರುಗಳನ್ನು ಉಳಿಸಿಹೋಗಿದ್ದಾರೆ.

1121ರ ಸುಮಾರಿಗೆ ರಾಜಧಾನಿ ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, ಹೊಯ್ಸಳೇಶ್ವರ ದೇವಾಲಯದ ಕಾರ್ಯವು ಆರಂಭವಾಯಿತು. ಅಲ್ಲಿಯೂ ಶಿಲ್ಪಿಗಳು ವಿಗ್ರಹಗಳ ಅಡಿಯಲ್ಲಿ ತಮ್ಮ ಹೆಸರುಗಳನ್ನು ಬರೆದರು. 1311ರಲ್ಲಿ ಮಲಿಕ್ ಕಾಫರನ ದಾಳಿಗೆ ತುತ್ತಾದ ಆ ನಗರವು ಕಾಲಕ್ರಮದಲ್ಲಿ ಹಾಳುಬಿದ್ದು, ಹಳೆಯ ಬೀಡೆಂಬ ಹೆಸರನ್ನು ಪಡೆಯಿತು. ಅರಮನೆ ಅಳಿಯಿತು, ರೂವಾರಿಗಳ ಹೆಸರುಗಳು ಉಳಿದವು. 2023ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ದಾಸೋಜನು ರಾಜ್ಯವನ್ನು ಗೆದ್ದವನಲ್ಲ, ದಾನಶಾಸನವನ್ನು ಬರೆಯಿಸಿದವನಲ್ಲ. ಕೈಗೆ ಬಂದ ಕೆಲಸವನ್ನು ಕುಂದಿಲ್ಲದಂತೆ ಮಾಡಿ, ಆ ವಿದ್ಯೆಯನ್ನು ಮಗನಿಗೆ ಒಪ್ಪಿಸಿ, ಅದು ತನ್ನ ಕೆಲಸವೆಂದು ಹೆಸರು ಬರೆದನು. ಒಂಬತ್ತು ಶತಮಾನಗಳ ಮಳೆಬಿಸಿಲುಗಳು ಆ ಹೆಸರನ್ನು ಅಳಿಸಲಾರದೆ ಹೋದುವು.