ವಿರಕ್ತನ ಸಂಸಾರ: ಗೃಹಸ್ಥ ಡಿವಿಜಿಯವರ ನೆನಪು

ಡಿ.ವಿ. ಗುಂಡಪ್ಪ ಎಂದೊಡನೆ ಕನ್ನಡಿಗರ ಮನಸ್ಸಿನಲ್ಲಿ ಮೂಡುವುದು ಕಗ್ಗದ ಕವಿಯ ಚಿತ್ರ. ಸ್ವಲ್ಪ ಹಿಂದಿನ ತಲೆಮಾರಿನವರಾದರೆ ನಿರ್ಭೀತ ಪತ್ರಕರ್ತನನ್ನು ನೆನೆಯುತ್ತಾರೆ. ಬಸವನಗುಡಿಯ ಹಳಬರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಸ್ಥಾಪಕರನ್ನು ನೆನೆಯುತ್ತಾರೆ. ಅವರ ಜೀವನಚರಿತ್ರೆ ಬರೆದ ಡಿ.ಆರ್. ವೆಂಕಟರಮಣನ್ ತಮ್ಮ ಗ್ರಂಥಕ್ಕೆ ‘ವಿರಕ್ತ ರಾಷ್ಟ್ರಕ’ ಎಂದು ಹೆಸರಿಟ್ಟರು. ಆ ಹೆಸರು ಎಷ್ಟು ಒಪ್ಪುತ್ತದೆಂದರೆ, ಡಿವಿಜಿ ಸಂಸಾರವಂದಿಗರೂ ಆಗಿದ್ದರೆಂಬುದು ನಮಗೆ ಮರೆತೇಹೋಗುತ್ತದೆ. ಅವರು ಮಡದಿಯ ಪತಿಯಾಗಿದ್ದರು, ಮಕ್ಕಳ ತಂದೆಯಾಗಿದ್ದರು, ತಿಂಗಳ ಕೊನೆಗೆ ಮನೆಯ ಲೆಕ್ಕ ಸರಿದೂಗಿಸಬೇಕಾದ ಬಡ ಯಜಮಾನರೂ ಆಗಿದ್ದರು. ಅವರ ಉದಾರತೆಯ ನಿಜವಾದ ತೂಕ ತಿಳಿಯಬೇಕಾದರೆ ಆ ಮನೆಯ ಹೊಸಿಲನ್ನು ದಾಟಿ ನೋಡಬೇಕು.

ಮುಳುಬಾಗಿಲಿನಿಂದ ಬೆಂಗಳೂರಿಗೆ

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಜನಿಸಿದ್ದು 1887ರ ಮಾರ್ಚ್ 17ರಂದು, ಕೋಲಾರ ಜಿಲ್ಲೆಯ ಮುಳುಬಾಗಿಲಿನಲ್ಲಿ. ತಂದೆ ವೆಂಕಟರಮಣಯ್ಯ, ತಾಯಿ ಅಲಮೇಲಮ್ಮ. ಮೆಟ್ರಿಕ್ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗಲಿಲ್ಲ. ಶಾಲೆಯ ಓದು ಅಲ್ಲಿಗೇ ಮುಗಿಯಿತು. ಮುಂದೆ ಸಂಸ್ಕೃತ, ಇಂಗ್ಲಿಷ್, ರಾಜ್ಯಶಾಸ್ತ್ರ, ವೇದಾಂತಗಳಲ್ಲಿ ಅವರು ಗಳಿಸಿದ ಪಾಂಡಿತ್ಯವೆಲ್ಲ ಹಿರಿಯರ ಸಹವಾಸದಿಂದ ಮತ್ತು ಸ್ವಂತ ಪರಿಶ್ರಮದಿಂದ ಬಂದದ್ದು.

ಅಂದಿನ ರೂಢಿಯಂತೆ ಚಿಕ್ಕ ವಯಸ್ಸಿನಲ್ಲಿಯೇ ಭಾಗೀರಥಮ್ಮನವರೊಡನೆ ವಿವಾಹವಾಯಿತು. ಕೈಯಲ್ಲಿ ಪದವಿಯಿಲ್ಲ, ಹಿಂದೆ ಆಸ್ತಿಯಿಲ್ಲ. ಮುಳುಬಾಗಿಲಿನ ಶಾಲೆಯಲ್ಲಿ ಕೆಲಕಾಲ ಬದಲಿ ಉಪಾಧ್ಯಾಯರಾಗಿದ್ದರು. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಸೋಡಾ ಕಾರ್ಖಾನೆಯೊಂದರ ಗುಮಾಸ್ತೆಯಾದರು. ಬೆಂಗಳೂರಿಗೆ ಬಂದಮೇಲೆ ಜಟಕಾಗಾಡಿಗಳಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿಯೂ ದುಡಿದರು. ಹೊಟ್ಟೆಪಾಡಿಗಾಗಿ ಕೈಗೆ ಸಿಕ್ಕಿದ ಕೆಲಸವನ್ನು ಹಿಡಿದ ಆ ಯುವಕನನ್ನು ಪತ್ರಿಕೋದ್ಯಮದತ್ತ ಸೆಳೆದದ್ದು ‘ಸೂರ್ಯೋದಯ ಪ್ರಕಾಶಿಕೆ’ ಎಂಬ ಕನ್ನಡ ಪತ್ರಿಕೆ. 1908ರಲ್ಲಿ ಮೈಸೂರು ಸರ್ಕಾರ ಪತ್ರಿಕಾ ನಿರ್ಬಂಧ ಕಾಯಿದೆಯನ್ನು ತಂದಾಗ ಸಂಸ್ಥಾನದ ಹಲವು ಪತ್ರಿಕೆಗಳು ಬಾಗಿಲು ಹಾಕಿದವು. ಹೀಗೆ ಅನ್ನದ ದಾರಿಯೇ ಮುಚ್ಚಿಹೋಗುವ ಭಯವಿದ್ದ ವೃತ್ತಿಯನ್ನೇ ಅವರು ಜೀವನವಿಡೀ ಬಿಡದೆ ಹಿಡಿದರು. 1913ರಲ್ಲಿ ‘ಕರ್ಣಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ತಾವೇ ಹೊರತಂದರು. ಸಂಸ್ಥಾನದ ಆಡಳಿತವನ್ನು ಎಳೆಎಳೆಯಾಗಿ ವಿಮರ್ಶಿಸಿದ ಆ ಪತ್ರಿಕೆ ಸಂಪಾದಕರಿಗೆ ಗೌರವವನ್ನು ತಂದಿತೇ ಹೊರತು ಹಣವನ್ನು ತರಲಿಲ್ಲ.

ಹರಿದ ಸೀರೆಯ ಮರ್ಯಾದೆ

ಆ ದಿನಗಳ ಮನೆಯ ಸ್ಥಿತಿಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಪ್ರಸಂಗವೊಂದನ್ನು ಡಿವಿಜಿಯವರನ್ನು ಬಲ್ಲವರು ಹೇಳುತ್ತ ಬಂದಿದ್ದಾರೆ. ಬಂಧುಗಳ ಮನೆಯಲ್ಲಿ ಶುಭಕಾರ್ಯ. ಮಕ್ಕಳು ಹೋಗಿದ್ದಾರೆ, ಡಿವಿಜಿ ಹೋಗಿದ್ದಾರೆ. ಭಾಗೀರಥಮ್ಮನವರು ಮಾತ್ರ ಬಂದಿಲ್ಲ. ಕರೆದ ಮನೆಯವರು ಏನೆಂದುಕೊಂಡಾರೋ ಎಂದು ಡಿವಿಜಿ ಮನೆಗೆ ಹಿಂದಿರುಗಿ ಕಾರಣ ಕೇಳುತ್ತಾರೆ. ಆಕೆ ಮೊದಲು ಮಾತು ತೇಲಿಸಿ, ಒತ್ತಾಯ ಹೆಚ್ಚಿದ ಮೇಲೆ ನಿಜ ಹೇಳುತ್ತಾರೆ. ಉಟ್ಟುಕೊಂಡು ಹೊರಗೆ ಹೋಗಲು ಇರುವುದು ಒಂದೇ ಸೀರೆ, ಅದೂ ಹರಿದಿದೆ. ಆ ಸೀರೆಯಲ್ಲಿ ನಾಲ್ಕು ಜನರ ನಡುವೆ ನಿಂತರೆ ಆಡಿಕೊಳ್ಳುವುದು ತಮ್ಮನ್ನಲ್ಲ, ಗಂಡನನ್ನು. ಊರಿಗೆಲ್ಲ ಬುದ್ಧಿ ಹೇಳುವ ಪತ್ರಕರ್ತನ ಹೆಂಡತಿಗೆ ಉಡಲು ನೆಟ್ಟಗಿನ ಸೀರೆಯಿಲ್ಲ ಎಂಬ ಮಾತು ಬರಬಾರದು. ಸಾರ್ವಜನಿಕರ ಕಷ್ಟವನ್ನು ನೋಡುವುದು ಅವರ ಧರ್ಮವಾದರೆ, ಅವರ ಮರ್ಯಾದೆಯನ್ನು ಕಾಯುವುದು ತಮ್ಮ ಧರ್ಮ. ಆಕೆಯ ಮಾತಿನ ಸಾರ ಇಷ್ಟು.

ಈ ಪ್ರಸಂಗವನ್ನು ಸಾಧಾರಣವಾಗಿ ಪತಿವ್ರತಾ ಧರ್ಮದ ನಿದರ್ಶನವೆಂದು ಹೇಳಿ ಮುಗಿಸುವುದುಂಟು. ಅಷ್ಟಕ್ಕೇ ನಿಂತರೆ ಭಾಗೀರಥಮ್ಮನವರಿಗೆ ಅನ್ಯಾಯವಾದೀತು. ಡಿವಿಜಿಯವರ ತ್ಯಾಗ ಅವರೇ ಆರಿಸಿಕೊಂಡದ್ದು; ಅದಕ್ಕೆ ಪ್ರತಿಫಲವಾಗಿ ಕೀರ್ತಿಯಾದರೂ ಇತ್ತು. ಮನೆಯೊಳಗಿದ್ದ ಹೆಣ್ಣುಮಗಳಿಗೆ ಆರಿಸಿಕೊಳ್ಳುವ ಅವಕಾಶವೂ ಇರಲಿಲ್ಲ, ಕೀರ್ತಿಯೂ ಸಲ್ಲಲಿಲ್ಲ. ಪತಿಯ ಪ್ರಾಮಾಣಿಕತೆಯ ಬೆಲೆಯನ್ನು ಅಡುಗೆಮನೆಯ ಬರಿದಾದ ಡಬ್ಬಿಗಳಲ್ಲಿ, ಹರಿದ ಸೆರಗಿನಲ್ಲಿ ತೆತ್ತವರು ಆಕೆ. ಸಾರ್ವಜನಿಕ ಜೀವನದಲ್ಲಿ ಶುದ್ಧಹಸ್ತರಾಗಿ ಉಳಿದವರನ್ನು ನಾವು ಹೊಗಳುವಾಗ, ಆ ಶುದ್ಧಿಯ ಖರ್ಚನ್ನು ಭರಿಸಿದ ಮನೆಯವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದನ್ನು ಈ ಪ್ರಸಂಗ ಕಲಿಸುತ್ತದೆ.

ಒಂದು ನಿಷ್ಠೆ

1924ರಲ್ಲಿ ಭಾಗೀರಥಮ್ಮನವರು ತೀರಿಕೊಂಡರು. ಡಿವಿಜಿಯವರಿಗೆ ಆಗಿನ್ನೂ ಮೂವತ್ತೇಳರ ಪ್ರಾಯ. ಮಕ್ಕಳು ಎಳೆಯರು. ಹೆಂಡತಿ ಸತ್ತ ವರ್ಷದೊಳಗೇ ಮರುಮದುವೆ ಮಾಡಿಕೊಳ್ಳುವುದು ಗಂಡಸರ ಪಾಲಿಗೆ ಸಹಜವೆನಿಸಿದ್ದ ಕಾಲವದು. ಮಕ್ಕಳನ್ನು ನೋಡಿಕೊಳ್ಳುವವರು ಬೇಕಲ್ಲ ಎಂಬ ಒಂದು ಮಾತು ಸಾಕಾಗುತ್ತಿತ್ತು; ಯಾರೂ ತಪ್ಪೆನ್ನುತ್ತಿರಲಿಲ್ಲ. ಡಿವಿಜಿ ಮರುಮದುವೆಯಾಗಲಿಲ್ಲ. ಅಲ್ಲಿಂದ ಮುಂದೆ ಅವರು ಬಾಳಿದ್ದು ಐವತ್ತೊಂದು ವರ್ಷ.

ಅವರು ದುಃಖವನ್ನು ಬೀದಿಗೆ ತಂದವರಲ್ಲ. ತಮ್ಮ ಕಾಲದ ವಿದ್ವಾಂಸರು, ವೈದಿಕರು, ದಿವಾನರು, ಸಂಗೀತಗಾರರು, ಹೆಸರಿಲ್ಲದ ಹೃದಯವಂತರು, ಹೀಗೆ ನೂರಾರು ಜನರ ಚಿತ್ರಗಳನ್ನು ‘ಜ್ಞಾಪಕ ಚಿತ್ರಶಾಲೆ’ಯ ಎಂಟು ಸಂಪುಟಗಳಲ್ಲಿ ಬಿಡಿಸಿದ ಡಿವಿಜಿ ತಮ್ಮದೇ ಆದ ಆತ್ಮಕಥೆಯನ್ನು ಬರೆಯಲಿಲ್ಲ. ಪರರ ಗುಣವನ್ನು ನೆನೆಯುವುದರಲ್ಲಿ ಅಷ್ಟು ಧಾರಾಳಿಯಾದವರು ತಮ್ಮ ನೋವಿನ ಮಾತು ಬಂದಾಗ ಮಿತಭಾಷಿಗಳು. ಆದರೆ ಅವರ ಚಿಂತನೆಯ ಧಾಟಿಯನ್ನು ಗಮನಿಸಿದವರಿಗೆ ಒಂದು ಸಂಗತಿ ಹೊಳೆಯದಿರದು. 1943ರಲ್ಲಿ ಪ್ರಕಟವಾದ ‘ಮಂಕುತಿಮ್ಮನ ಕಗ್ಗ’ದ 945 ಪದ್ಯಗಳಲ್ಲಿ ಲೋಕವನ್ನು ಬಿಟ್ಟು ಓಡಿಹೋಗುವ ಉಪದೇಶವಿಲ್ಲ. ಸಂಸಾರದ ನಡುವೆಯೇ ನಿಂತು, ಬಂದದ್ದನ್ನು ಅನುಭವಿಸಿ, ಕೈಲಾದಷ್ಟು ಹಂಚಿ, ಅಂಟಿಕೊಳ್ಳದೆ ಬಾಳುವ ದಾರಿಯನ್ನು ಆ ಕೃತಿ ಹುಡುಕುತ್ತದೆ. ಗೀತೆಯ ಮೇಲೆ ಅವರು ಬರೆದ ಗ್ರಂಥಕ್ಕೆ ಇಟ್ಟ ಹೆಸರು ಕೂಡ ‘ಜೀವನ ಧರ್ಮ ಯೋಗ’. ಪುಸ್ತಕಗಳಿಂದ ಕಲಿತದ್ದನ್ನು ಅವರು ಮನೆಯಲ್ಲಿ ಪಟ್ಟ ಅನುಭವದ ಒರೆಗೆ ಹಚ್ಚಿ ನೋಡಿದ್ದರೆಂದೇ ಇಂದಿಗೂ ಆ ಮಾತುಗಳಿಗೆ ಜೀವವಿದೆ.

ಮಗನಿಗೆ ಕೊಟ್ಟ ಆಸ್ತಿ

ತಾಯಿಯನ್ನು ಕಳೆದುಕೊಂಡಾಗ ಇನ್ನೂ ಪುಟ್ಟ ಹುಡುಗನಾಗಿದ್ದ ಮಗ ಮುಂದೆ ಬಿ.ಜಿ.ಎಲ್. ಸ್ವಾಮಿ ಎಂದು ನಾಡಿಗೆಲ್ಲ ಪರಿಚಿತನಾದ. ಸಸ್ಯಶಾಸ್ತ್ರದಲ್ಲಿ ಅಂತರರಾಷ್ಟ್ರೀಯ ಖ್ಯಾತಿ ಗಳಿಸಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರೂ ಪ್ರಾಂಶುಪಾಲರೂ ಆದ ಸ್ವಾಮಿಯವರು ಕನ್ನಡದ ಅಪರೂಪದ ಹಾಸ್ಯಪ್ರಜ್ಞೆಯ ಲೇಖಕರೂ ಹೌದು. ತಮ್ಮ ಪುಸ್ತಕಗಳಿಗೆ ಬೇಕಾದ ಚಿತ್ರಗಳನ್ನು ತಾವೇ ಬರೆಯುತ್ತಿದ್ದರು.

ತಂದೆಯಿಂದ ಮಗನಿಗೆ ಬಂದ ಆಸ್ತಿ ಯಾವುದು ಎಂದು ಕೇಳಿದರೆ ಹೊಲಮನೆಗಳ ಪಟ್ಟಿ ಸಿಗದು. ಸಿಗುವುದು ಓದಿನ ಹುಚ್ಚು, ಸ್ವತಂತ್ರ ಬುದ್ಧಿ, ಯಾರ ಮುಲಾಜಿಗೂ ಒಳಗಾಗದ ನಡೆ. ತಂದೆ ಗಂಭೀರ ಪ್ರಕೃತಿಯ ತತ್ತ್ವಚಿಂತಕ. ಮಗ ಕಾಲೇಜಿನ ಕಾರಿಡಾರಿನಲ್ಲಿಯೂ ಕಾಡಿನ ಗಿಡದ ಬುಡದಲ್ಲಿಯೂ ನಗೆಯನ್ನು ಹೆಕ್ಕಿದ ವಿಜ್ಞಾನಿ. ಒಂದೇ ಮನೆಯಲ್ಲಿ ಇಷ್ಟು ಭಿನ್ನವಾದ ಎರಡು ಪ್ರತಿಭೆಗಳು ತಮ್ಮ ತಮ್ಮ ದಾರಿಯಲ್ಲಿ ಬೆಳೆದವೆಂದರೆ, ಆ ತಂದೆ ಮಗನನ್ನು ತನ್ನ ಪಡಿಯಚ್ಚಾಗಿಸಲು ಹೊರಡಲಿಲ್ಲ ಎಂದೇ ಅರ್ಥ. ಡಿವಿಜಿಯವರಿಗೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಅನುಭವಗಳನ್ನು ಹೇಳುವ ಸ್ವಾಮಿಯವರ ‘ಹಸುರು ಹೊನ್ನು’ ಕೃತಿಗೆ ಅದೇ ಪ್ರಶಸ್ತಿ 1978ರಲ್ಲಿ ಸಂದಿತು. ಮಗನ ಆ ಗೌರವವನ್ನು ನೋಡಲು ತಂದೆ ಇರಲಿಲ್ಲ. ಸ್ವಾಮಿಯವರೂ ಹೆಚ್ಚು ಕಾಲ ಉಳಿಯಲಿಲ್ಲ, 1980ರಲ್ಲಿ ಅಗಲಿದರು.

ಬಂದ ಹಣ ಹೋದ ದಾರಿ

ಬಡತನವಿದ್ದಾಗ ಹಣವನ್ನು ನಿರಾಕರಿಸುವುದು ಕಷ್ಟ. ಹಣ ತಾನಾಗಿ ಬಂದಾಗ ಬಿಟ್ಟುಕೊಡುವುದು ಇನ್ನೂ ಕಷ್ಟ. ಡಿವಿಜಿ ಎರಡನ್ನೂ ಮಾಡಿದರು. ಮೈಸೂರು ಸಂಸ್ಥಾನದ ಹಲವು ದಿವಾನರಿಗೆ ಅವರ ಲೇಖನಿ ಮತ್ತು ಸಲಹೆ ಬೇಕಾಗಿದ್ದವು. ಸರ್ಕಾರಕ್ಕೆ ಮಾಡಿಕೊಟ್ಟ ಕೆಲಸಕ್ಕೆ ಸಂಭಾವನೆಯೆಂದು ಬಂದ ಚೆಕ್ಕುಗಳನ್ನು ಅವರು ಬ್ಯಾಂಕಿಗೆ ಕೊಂಡೊಯ್ಯದೆ ಪೆಟ್ಟಿಗೆಯಲ್ಲಿಯೇ ಇಟ್ಟಿದ್ದರೆಂದೂ, ಅವರು ತೀರಿಕೊಂಡ ಮೇಲೆ ಅವು ಹಾಗೆಯೇ ದೊರೆತವೆಂದೂ ಅವರ ಆಪ್ತವಲಯದವರು ಹೇಳುವುದುಂಟು. ಸರ್ಕಾರದ ಹಣ ಮುಟ್ಟಿದ ಪತ್ರಕರ್ತ ನಾಳೆ ಅದೇ ಸರ್ಕಾರವನ್ನು ಟೀಕಿಸುವುದು ಹೇಗೆ? ಹರಿದ ಸೀರೆಯ ಮನೆಯಲ್ಲಿ ಇಂಥ ಪ್ರಶ್ನೆಯನ್ನು ಕೇಳಿಕೊಳ್ಳಲು ಅಸಾಧಾರಣ ಧೈರ್ಯ ಬೇಕು.

ಗೋಪಾಲಕೃಷ್ಣ ಗೋಖಲೆಯವರ ಹೆಸರಿನಲ್ಲಿ 1945ರಲ್ಲಿ ಅವರು ಕಟ್ಟಿದ ಸಂಸ್ಥೆ ಒಂದರ್ಥದಲ್ಲಿ ಅವರ ಎರಡನೆಯ ಸಂಸಾರವಾಯಿತು. ಅಲ್ಲಿನ ಅಧ್ಯಯನ ಗೋಷ್ಠಿಗಳಲ್ಲಿ ತರುಣರೊಡನೆ ಕುಳಿತು ಗೀತೆ, ಕಾವ್ಯ, ರಾಜ್ಯಶಾಸ್ತ್ರಗಳನ್ನು ವರ್ಷಗಟ್ಟಲೆ ಓದಿ ವಿವರಿಸಿದರು. ಶುಲ್ಕವಿಲ್ಲ, ಪರೀಕ್ಷೆಯಿಲ್ಲ; ತಿಳಿಯುವ ಆಸೆಯೊಂದಿದ್ದರೆ ಸಾಕು. ತಾವು ಕಾಲೇಜಿನ ಮೆಟ್ಟಿಲು ಹತ್ತದಿದ್ದರೂ ಎಷ್ಟೋ ಪದವೀಧರರಿಗೆ ಗುರುವಾದರು. 1970ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ನಡೆದ ಸನ್ಮಾನದಲ್ಲಿ ಲಕ್ಷ ರೂಪಾಯಿಯ ಆಸುಪಾಸಿನ ನಿಧಿಯನ್ನು ಅವರಿಗೆ ಅರ್ಪಿಸಲಾಯಿತು. ಅಂದಿನ ದಿನಗಳಲ್ಲಿ ಅದು ಸಣ್ಣ ಮೊತ್ತವಲ್ಲ. ಎಂಬತ್ತಮೂರರ ವೃದ್ಧರು ಅಷ್ಟನ್ನೂ ಗೋಖಲೆ ಸಂಸ್ಥೆಗೆ ಒಪ್ಪಿಸಿ ಬರಿಗೈಯಲ್ಲಿ ಮನೆಗೆ ನಡೆದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಮನೆಯವರಿಗೆ ಕೊಡದೆ ಊರಿಗೆ ಕೊಟ್ಟರೆಂದು ಆಕ್ಷೇಪಿಸುವವರು ಇರಬಹುದು. ಆದರೆ 1970ರ ಹೊತ್ತಿಗೆ ಅವರ ಮಗ ಸ್ವಂತ ಕಾಲ ಮೇಲೆ ನಿಂತಾಗಿತ್ತು. ಉಡಲು ಸೀರೆಯಿಲ್ಲದ ದಿನಗಳಲ್ಲಿ ಈ ಹಣ ಬಂದಿರಲಿಲ್ಲ. ಬಂದ ದಿನ ಸೀರೆ ಉಡುವ ಜೀವ ಮನೆಯಲ್ಲಿರಲಿಲ್ಲ. ಪತಿಯ ಮರ್ಯಾದೆಯನ್ನು ತನ್ನ ಧರ್ಮವೆಂದು ತಿಳಿದಿದ್ದ ಆ ಗೃಹಿಣಿಗೆ, ಆ ಮರ್ಯಾದೆಯನ್ನು ಕೊನೆಯವರೆಗೂ ಕಳಂಕವಿಲ್ಲದೆ ಉಳಿಸಿಕೊಂಡು ಬಂದದ್ದಕ್ಕಿಂತ ದೊಡ್ಡ ಕಾಣಿಕೆಯನ್ನು ಡಿವಿಜಿ ಕೊಡಲು ಸಾಧ್ಯವಿರಲಿಲ್ಲ.

ಉಳಿದ ಹೆಸರು

1932ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, ಬಳಿಕ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷತೆ, ಮೈಸೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, 1974ರಲ್ಲಿ ಪದ್ಮಭೂಷಣ, ಹೀಗೆ ಗೌರವಗಳು ಅವರನ್ನು ಹುಡುಕಿಕೊಂಡು ಬಂದವು. 1975ರ ಅಕ್ಟೋಬರ್ 7ರಂದು ಡಿವಿಜಿ ಕಾಲವಶರಾದರು. 1988ರಲ್ಲಿ ಭಾರತ ಸರ್ಕಾರ ಅವರ ಸ್ಮರಣೆಗೆ ಅಂಚೆಚೀಟಿ ಹೊರಡಿಸಿತು. 2003ರಲ್ಲಿ ಬಸವನಗುಡಿಯ ಕಹಳೆಬಂಡೆ ಉದ್ಯಾನದಲ್ಲಿ ಅವರ ಪ್ರತಿಮೆ ಸ್ಥಾಪನೆಯಾಯಿತು.

ಗಾಂಧಿಬಜಾರಿನ ಬದಿಯಲ್ಲಿ ಅವರ ಹೆಸರನ್ನು ಹೊತ್ತ ಡಿವಿಜಿ ರಸ್ತೆಯಿದೆ. ಅಂಗಡಿ ಮುಂಗಟ್ಟುಗಳ ಸಾಲು, ಹಬ್ಬದ ದಿನಗಳಲ್ಲಂತೂ ಕಾಲಿಡಲು ಜಾಗವಿರುವುದಿಲ್ಲ. ಬಟ್ಟೆ ಅಂಗಡಿಗಳ ಮುಂದೆ ಸೀರೆಗಳು ತೂಗಾಡುತ್ತಿರುತ್ತವೆ. ಅಲ್ಲಿ ವ್ಯಾಪಾರ ಮುಗಿಸಿ ಮನೆಗೆ ಹೊರಡುವವರು ಆ ಹೆಸರಿನ ಫಲಕವನ್ನು ಕಂಡಾಗ ಕಗ್ಗದ ಕವಿಯನ್ನು ನೆನೆಯಲಿ. ಜೊತೆಗೆ, ಯಾವ ರಸ್ತೆಗೂ ಹೆಸರು ಬೀಳದ ಭಾಗೀರಥಮ್ಮನವರನ್ನೂ ಒಮ್ಮೆ ನೆನೆಯಲಿ. ಡಿವಿಜಿ ನಾಡಿಗೆ ಕೊಟ್ಟದ್ದರಲ್ಲಿ ಆಕೆಯ ಪಾಲೂ ಸೇರಿದೆ.