ಶೇಂಗಾ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್

ಈ ಸಲದ ಗೋಡೆ ಪತ್ರಿಕೆಗೆ ನಾನು ಅಮೇರಿಕಾದ ಒಬ್ಬ ಕಪ್ಪು ವಿಜ್ಞಾನಿಯ ಜೀವನ ಬರೆದಿದ್ದೇನೆ. ನಮ್ಮ ಹೊಲದಲ್ಲಿ ಬೆಳೆಯೋ ಶೇಂಗಾದಿಂದಲೇ ಅವರು ಹೆಸರಾದವರು.

ಅವರು ಹುಟ್ಟಿದ್ದು ಮಿಸೌರಿ ರಾಜ್ಯದ ಡೈಮಂಡ್ ಎಂಬ ಊರಿನ ಹತ್ತಿರ, ಸುಮಾರು 1864ರಲ್ಲಿ. ಸರಿಯಾದ ತಾರೀಖು ಯಾರೂ ಬರೆದಿಡಲಿಲ್ಲ, ಯಾಕಂದ್ರೆ ಅವರು ಗುಲಾಮಳ ಮಗ. ಆಗ ಅಲ್ಲಿ ಕಪ್ಪು ಜನರನ್ನು ಸಂತೆಯ ದನದ ಹಾಗೆ ಕೊಂಡು ಮಾರುತ್ತಿದ್ದರು. ತಾಯಿ ಮೇರಿಯನ್ನು ಮೋಸೆಸ್ ಕಾರ್ವರ್ ಎಂಬ ರೈತ ಕೊಂಡಿದ್ದ. ಜಾರ್ಜ್ ಇನ್ನೂ ಕೈಗೂಸು, ಒಂದು ರಾತ್ರಿ ಕಳ್ಳರು ಬಂದು ತಾಯಿ ಮಗು ಇಬ್ಬರನ್ನೂ ಎತ್ತಿಕೊಂಡು ಹೋದರು. ಯಜಮಾನ ಹುಡುಕೋಕೆ ಒಬ್ಬನನ್ನು ಕಳಿಸಿದ. ಮಗು ಸಿಕ್ಕಿತು, ತಾಯಿ ಸಿಗಲೇ ಇಲ್ಲ. ಹುಡುಕಿ ತಂದವನಿಗೆ ಯಜಮಾನ ಒಂದು ಕುದುರೆ ಕೊಟ್ಟನಂತೆ.

1865ರಲ್ಲಿ ಗುಲಾಮಗಿರಿ ಹೋಯಿತು. ಮೋಸೆಸ್ ಮತ್ತು ಅವನ ಹೆಂಡತಿ ಸುಸಾನ್ ಜಾರ್ಜನನ್ನೂ ಅವನ ಅಣ್ಣ ಜಿಮ್‌ನನ್ನೂ ಸಾಕಿದರು. ಜಾರ್ಜ್ ಯಾವಾಗಲೂ ಕಾಯಿಲೆ ಹುಡುಗ, ಹೊಲದ ಕೆಲಸ ಆಗ್ತಿರಲಿಲ್ಲ. ಅದಕ್ಕೇ ಅಡುಗೆ, ಹೊಲಿಗೆ, ಬಟ್ಟೆ ಒಗೆಯೋದು ಕಲಿತ. ಉಳಿದ ಹೊತ್ತೆಲ್ಲ ಕಾಡಿನಲ್ಲಿ. ಗಿಡಕ್ಕೆ ರೋಗ ಬಂದರೆ ಊರವರು ಅವನನ್ನೇ ಕರೀತಿದ್ದರು.

ಹತ್ತಿರದ ಶಾಲೆ ಬಿಳಿಯರ ಮಕ್ಕಳಿಗೆ ಮಾತ್ರ. ನಮ್ಮಷ್ಟೇ ವಯಸ್ಸಿನ ಆಸುಪಾಸಿನಲ್ಲಿ ಜಾರ್ಜ್ ಒಬ್ಬನೇ ನಿಯೋಶೋ ಎಂಬ ಊರಿಗೆ ಓದೋಕೆ ಹೊರಟ. ಮರಿಯಾ ವಾಟ್ಕಿನ್ಸ್ ಎಂಬ ಸೂಲಗಿತ್ತಿ ಮನೆಯಲ್ಲಿ ಜಾಗ ಕೊಟ್ಟಳು. ಮುಂದೆ ಹೈಲ್ಯಾಂಡ್ ಎಂಬ ಕಾಲೇಜು ಪತ್ರದಲ್ಲಿ ಸೀಟು ಕೊಟ್ಟಿತ್ತು. ಅಷ್ಟು ದೂರ ಹೋಗಿ ನಿಂತ ಮೇಲೆ ಮೈಬಣ್ಣ ನೋಡಿ ಸೇರಿಸಿಕೊಳ್ಳಲಿಲ್ಲ. ನನಗೆ ಇದನ್ನು ಬರೆಯುವಾಗಲೇ ಸಿಟ್ಟು ಬಂತು. ಜಾರ್ಜ್ ಓದು ಬಿಡಲಿಲ್ಲ. 1890ರಲ್ಲಿ ಸಿಂಪ್ಸನ್ ಕಾಲೇಜಿಗೆ ಚಿತ್ರಕಲೆಗೆ ಸೇರಿ, ಬಟ್ಟೆ ಒಗೆದು ಖರ್ಚು ನಡೆಸಿದರು. ಇವರು ಬರೆಯೋದೆಲ್ಲ ಗಿಡ ಹೂವು ಎಂದು ಕಂಡ ಟೀಚರ್ ಎಟ್ಟಾ ಬಡ್ ಸಸ್ಯಶಾಸ್ತ್ರ ಓದಲು ಹೇಳಿದರು. 1891ರಲ್ಲಿ ಅಯೋವಾದ ಕೃಷಿ ಕಾಲೇಜಿಗೆ ಸೇರಿದ ಮೊದಲ ಕಪ್ಪು ವಿದ್ಯಾರ್ಥಿ ಇವರೇ. 1896ಕ್ಕೆ ಎಂ.ಎಸ್ಸಿ. ಮುಗಿಯಿತು.

ಅದೇ ವರ್ಷ ಬೂಕರ್ ವಾಷಿಂಗ್ಟನ್ ಅವರು ಅಲಬಾಮಾದ ಟಸ್ಕಿಗೀ ಶಾಲೆಗೆ ಕರೆದರು. ಅಲ್ಲಿ ಪ್ರಯೋಗಾಲಯವೇ ಇರಲಿಲ್ಲ. ಕಾರ್ವರ್ ಮಕ್ಕಳನ್ನು ಕರಕೊಂಡು ತಿಪ್ಪೆಯಲ್ಲಿ ಬಾಟಲಿ, ಡಬ್ಬಿ ಆರಿಸಿ ತಂದು ಪ್ರಯೋಗ ಶುರು ಮಾಡಿದರು.

ಅಲ್ಲಿನ ರೈತರು ವರ್ಷಾ ವರ್ಷಾ ಹತ್ತಿಯೊಂದನ್ನೇ ಹಾಕಿ ಮಣ್ಣು ಸತ್ವ ಕಳಕೊಂಡಿತ್ತು. ಸಾಲ ಬೇರೆ. ಹತ್ತಿಕಾಯಿ ಹಾಳುಮಾಡುವ ಒಂದು ಹುಳವೂ ಮೆಕ್ಸಿಕೋ ಕಡೆಯಿಂದ ಬಂತು. ಕಾರ್ವರ್ ಶೇಂಗಾ, ಅಲಸಂದೆ ಬದಲಾಯಿಸಿ ಹಾಕಿ ಎಂದರು. ಶೇಂಗಾ ಗಿಡ ಕಿತ್ತು ಬೇರು ನೋಡಿ, ಸಣ್ಣ ಸಣ್ಣ ಗಂಟು ಇರುತ್ತವೆ. ಅದರೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತವೆ, ಮಣ್ಣಿಗೂ ಬಲ ಬರುತ್ತದೆ. ಓದು ಬಾರದ ರೈತರಿಗೆ ತೋರಿಸಲೆಂದು 1906ರಲ್ಲಿ ಕುದುರೆ ಗಾಡಿಯಲ್ಲೇ ಸಾಮಾನು ಕಟ್ಟಿ ಹಳ್ಳಿ ಹಳ್ಳಿಗೆ ಕಳಿಸಿದರು.

ಬೆಳೆದ ಶೇಂಗಾ ಕೊಳ್ಳೋರು ಬೇಕಲ್ಲ? ಅದಕ್ಕೆ 1916ರಲ್ಲಿ 105 ಬಗೆಯ ಶೇಂಗಾ ಅಡುಗೆಯ ಪುಸ್ತಿಕೆ ಬರೆದರು. ಹಾಲು, ಸೋಪು, ಶಾಯಿ, ಬಣ್ಣ ಹೀಗೆ ಸುಮಾರು 300 ವಸ್ತುಗಳನ್ನು ಮಾಡಿದರು ಅಂತಾರೆ. ಎಷ್ಟೋ ಅಂಗಡಿಗೆ ಬರಲೇ ಇಲ್ಲ. ಶೇಂಗಾ ಬೆಣ್ಣೆಯನ್ನೂ ಇವರೇ ಕಂಡುಹಿಡಿದರು ಅನ್ನೋದು ಸುಳ್ಳು, ಅದು ಮೊದಲೇ ಇತ್ತು. 1921ರಲ್ಲಿ ಅಮೇರಿಕಾ ಸಂಸತ್ತಿನ ಸಮಿತಿ ಇವರಿಗೆ ಹತ್ತೇ ನಿಮಿಷ ಕೊಟ್ಟಿತ್ತು. ಪೆಟ್ಟಿಗೆಯಿಂದ ಒಂದೊಂದೇ ತೆಗೆದು ತೋರಿಸುತ್ತಾ ಹೋದ ಹಾಗೆ, ಎಷ್ಟು ಹೊತ್ತಾದರೂ ಮಾತಾಡಲು ಬಿಟ್ಟರು.

ಕಾರ್ವರ್ ಮದುವೆಯಾಗಲಿಲ್ಲ. ಉಳಿಸಿದ ಸುಮಾರು 60,000 ಡಾಲರ್ ಸಂಶೋಧನೆಗೆ ಕೊಟ್ಟು, 1943ರ ಜನವರಿ 5ರಂದು ಟಸ್ಕಿಗೀಯಲ್ಲೇ ತೀರಿಕೊಂಡರು. ಅದೇ ವರ್ಷ ಸರ್ಕಾರ ಅವರು ಹುಟ್ಟಿದ ಹೊಲವನ್ನು ರಾಷ್ಟ್ರೀಯ ಸ್ಮಾರಕ ಮಾಡಿತು. ಕಪ್ಪು ಅಮೇರಿಕನ್ನರೊಬ್ಬರ ಹೆಸರಿನ ಮೊದಲ ರಾಷ್ಟ್ರೀಯ ಸ್ಮಾರಕ ಅದು. ತಾಯಿ ಮೇರಿಯನ್ನು ಕಳ್ಳರು ಎತ್ತಿಕೊಂಡು ಹೋದದ್ದು ಅಲ್ಲಿಂದಲೇ.